ಎರಡು ಗೇಟುಗಳ ನಡುವೆ

ದುಬೈಯ ಅಲ್ ನಹ್ದಾದಲ್ಲಿ ಮಂಗಳೂರು ಕಡೆಯವರು ಯಾರಾದರೂ ತೀರಿಕೊಂಡರೆ ಮೊದಲ ಫೋನು ಹೋಗುತ್ತಿದ್ದದ್ದು ಆಲ್ಫೋನ್ಸನಿಗೆ. ಏಸಿ ರಿಪೇರಿ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿದ್ದ ಈ ಐವತ್ತೆರಡರ ಮನುಷ್ಯ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದ. ಆಸ್ಪತ್ರೆಯ ಕಾಗದ, ಪೊಲೀಸರ ಕಾಗದ, ಕಾನ್ಸುಲೇಟಿನ ಕಾಗದ ಎಂದು ಅಲೆದು, ಪೆಟ್ಟಿಗೆ ವಿಮಾನ ಹತ್ತುವವರೆಗೆ ಅವನಿಗೆ ಊಟ ಸೇರುತ್ತಿರಲಿಲ್ಲ. ಪೆಟ್ಟಿಗೆಯ ಮೇಲಿನ ಹೆಸರನ್ನು ಮೂರು ಮೂರು ಸಲ ಓದಿ ನೋಡುತ್ತಿದ್ದ. "ಎಂಥ ಪುಣ್ಯದ ಕೆಲಸ ಮಾರಾಯ್ರೆ ನಿಮ್ಮದು" ಎಂದು ಯಾರಾದರೂ ಹೇಳಿದರೆ ಮಾತ್ರ ಸಿಡುಕುತ್ತಿದ್ದ. ಹೊಗಳಿದರೆ ಸಿಡುಕುವವನನ್ನು ಕಂಡರೆ ನನಗಂತೂ ಅನುಮಾನ. ಅವನ ಹೊಟ್ಟೆಯಲ್ಲಿ ಏನೋ ಕೂತಿರುತ್ತದೆ.

ಆಲ್ಫೋನ್ಸನ ಹೊಟ್ಟೆಯಲ್ಲಿ ಕೂತಿದ್ದದ್ದು ಒಂದು ಸುಳ್ಳು. ಅದಕ್ಕೆ ಇಪ್ಪತ್ತೆರಡು ವರ್ಷ ವಯಸ್ಸು. ಬೇರೆ ಸುಳ್ಳಾಗಿದ್ದರೆ ಇಷ್ಟು ಹೊತ್ತಿಗೆ ಸತ್ತು ಮಣ್ಣಾಗುತ್ತಿತ್ತು. ಇದನ್ನು ಊರವರು ಅಮೃತಶಿಲೆಯ ಮೇಲೆ ಕೆತ್ತಿಸಿ ಇಗರ್ಜಿಯ ಸಮಾಧಿ ಭೂಮಿಯ ಗೋಡೆಗೆ ಕೂರಿಸಿಬಿಟ್ಟಿದ್ದರು: "ವಲೇರಿಯನ್, 1952–1990. ಜೋರ್ಡಾನ್ ದೇಶದ ಅಮ್ಮಾನಿನ ಸಂತ ಅಂತೋನಿಯ ಇಗರ್ಜಿಯ ಸಮಾಧಿ ಭೂಮಿಯಲ್ಲಿ ವಿಶ್ರಮಿಸುತ್ತಿದ್ದಾರೆ." ಪ್ರತಿವರ್ಷ ನವೆಂಬರ್ ಎರಡರಂದು, ಮೃತರ ಸ್ಮರಣೆಯ ದಿನ, ಪಾದ್ರಿಗಳು ಆ ಕಲ್ಲಿಗೂ ತೀರ್ಥ ಚಿಮುಕಿಸುತ್ತಿದ್ದರು. ವಲೇರಿಯನ್ ಅಮ್ಮಾನಿನಲ್ಲಿ ಇರಲಿಲ್ಲ. ಅಲ್ಲಿ ಅಂಥದೊಂದು ಇಗರ್ಜಿ ಇದೆಯೋ ಇಲ್ಲವೋ, ಅದೂ ಆಲ್ಫೋನ್ಸನಿಗೆ ಗೊತ್ತಿರಲಿಲ್ಲ.

ವಲೇರಿಯನ್ನನ ಹೆಂಡತಿ ಒಲಿಂಡಾ ಬಾಯಿ ಆ ವರ್ಷ, ಅಂದರೆ 2012ರಲ್ಲಿ, ಮಗನನ್ನು ನೋಡಲು ವಿಸಿಟ್ ವೀಸಾದಲ್ಲಿ ದುಬೈಗೆ ಬಂದಿದ್ದರು. ಮಗ ಶರ್ವಿನ್ ಹೋಟೆಲೊಂದರ ರಿಸೆಪ್ಷನ್ನಿನಲ್ಲಿದ್ದ, ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಅವನ ಮನೆ. ಬುಧವಾರ ಅವನಿಂದ ಆಲ್ಫೋನ್ಸನಿಗೆ ಫೋನು ಬಂತು.

"ಅಂಕಲ್, ಮಮ್ಮಿಗೆ ಒಂದು ಸರ್‌ಪ್ರೈಸ್ ಉಂಟು. ಸಂಡೇ ಅಮ್ಮಾನಿಗೆ ಫ್ಲೈಟ್. ಪಪ್ಪನ ಗ್ರೇವ್ ನೋಡ್ಬೇಕು ಅಂತ ಎಷ್ಟು ವರ್ಷದಿಂದ ಹೇಳ್ತಾ ಇದ್ದಾರೆ ಅಲ್ವಾ? ಟೂ ಡೇಸ್ ಅಲ್ಲಿ, ಮತ್ತೆ ಮಮ್ಮಿ ಅಲ್ಲಿಂದಲೇ ಊರಿಗೆ. ಆದ್ರೆ ಆ ಚರ್ಚಿನ ಅಡ್ರೆಸ್ ನೆಟ್ಟಲ್ಲಿ ಸಿಗ್ತಾನೇ ಇಲ್ಲ. ನೀವು ಅಡ್ರೆಸ್ ಹೇಳಿದ್ರೆ ಆಯ್ತು."

ಆಲ್ಫೋನ್ಸ್ ಆಗ ಯಾವುದೋ ಕಟ್ಟಡದ ತಾರಸಿಯಲ್ಲಿ, ಬಿಸಿಲಿಗೆ ಕಾದ ಏಸಿ ಯಂತ್ರಗಳ ನಡುವೆ ನಿಂತಿದ್ದ. ಬಾಯಿ ಒಣಗಿತು. "ಶುಕ್ರವಾರ ಹೇಳ್ತೇನೆ ಮಗಾ," ಎಂದ. "ಶುಕ್ರವಾರ ಪೂಜೆ ಮುಗಿಸಿ ಮಮ್ಮಿಯನ್ನು ರಾಸ್ ಅಲ್ ಖೈಮಾ ಕಡೆ ಕರ್ಕೊಂಡು ಹೋಗುವ. ಬೆಟ್ಟ, ಸಮುದ್ರ, ಎಲ್ಲ ಉಂಟು. ನೋಡಿದ ಹಾಗೂ ಆಯ್ತು." ಹೇಡಿಗಳು ಹೀಗೆಯೇ. ಬಾಯಲ್ಲಿ ಹೇಳಬೇಕಾದ ಒಂದು ಮಾತಿಗೆ ನೂರು ಕಿಲೋಮೀಟರ್ ರಸ್ತೆ ಬೇಕಾಗುತ್ತದೆ.

ಆ ಶುಕ್ರವಾರವೇ ನವೆಂಬರ್ ಎರಡು. ಬೆಳಗಿನ ಬಲಿಪೂಜೆಯಲ್ಲಿ ಒಲಿಂಡಾ ಬಾಯಿ ಗಂಡನ ಹೆಸರಿಗೆ ಮೊಂಬತ್ತಿ ಹಚ್ಚಿದರು. ಆಮೇಲೆ ಆಲ್ಫೋನ್ಸನ ಹಳೆಯ ಸನ್ನಿ ಕಾರಿನ ಮುಂದಿನ ಸೀಟಿನಲ್ಲಿ ಕೂತರು. ರಾತ್ರಿ ಡ್ಯೂಟಿ ಮುಗಿಸಿ ಬಂದಿದ್ದ ಶರ್ವಿನ್ ಹಿಂದಿನ ಸೀಟಿನಲ್ಲಿ ಮಡಚಿಕೊಂಡು ಮಲಗಿದವನೇ ಶಾರ್ಜಾ ದಾಟುವ ಮೊದಲೇ ಗೊರಕೆ ಹೊಡೆದ. ಒಲಿಂಡಾ ಬಾಯಿಯ ಮಡಿಲಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ ಇತ್ತು, ಅದರೊಳಗೆ ಕೆಂಪು ಮಣ್ಣು.

"ಇದೆಂತ ಬಾಯಿ?" ಎಂದ ಆಲ್ಫೋನ್ಸ್, ಗೊತ್ತಾಗಿಯೂ.

"ಅವರ ಅಮ್ಮನ ಗೋರಿಯ ಮಣ್ಣು. ಇವ ಅಮ್ಮಾನಿಗೆ ಕರ್ಕೊಂಡು ಹೋದ್ರೂ ಹೋದಾನು ಅಂತ ಊರಿಂದ ಬರುವಾಗಲೇ ತಂದದ್ದು. ಇವನ ಹತ್ರ ಹೇಳ್ಲಿಲ್ಲ. ಆ ಅಮ್ಮಾನಿನ ಟಿಕೆಟಿದ್ದು ಮೊನ್ನೆಯೇ ಗೊತ್ತಾಯ್ತು ನಂಗೆ. ಸರ್‌ಪ್ರೈಸ್ ಅಂತೆ! ಟಿಕೆಟ್ ಪ್ರಿಂಟ್ ತೆಗ್ದು ಫ್ರಿಜ್ಜಿನ ಮೇಲೆ ಇಟ್ರೆ ನಂಗೆ ಕಣ್ಣು ಕಾಣುದಿಲ್ವಾ?" ಅವರು ನಕ್ಕರು. ನಗು ಬೇಗ ನಿಂತಿತು. "ಎಲ್ಲರೂ ಒಂದೊಂದು ಮುಷ್ಟಿ ಮಣ್ಣು ಹಾಕ್ತಾರಲ್ಲ ಆಲ್ಫೋನ್ಸ್, ಗುಂಡಿಗೆ. ನಂಗೆ ಹಾಕ್ಲಿಕ್ಕೆ ಸಿಗ್ಲಿಲ್ಲ. ಇಪ್ಪತ್ತೆರಡು ವರ್ಷದಿಂದ ಈ ಕೈ ಹಾಗೇ ಉಂಟು ಅನ್ನಿಸ್ತದೆ. ಭಾನುವಾರ ಹಾಕಿದ್ರೆ ಮುಗೀತು."

ಆಲ್ಫೋನ್ಸ್ ರಸ್ತೆಯನ್ನೇ ನೋಡಿದ. ಭಾನುವಾರಕ್ಕೆ ಎರಡೇ ದಿನ. ಆ ಬಾಟಲಿ ಹಿಡಿದುಕೊಂಡು ಈ ಹೆಂಗಸು ಅಮ್ಮಾನಿನ ಬೀದಿಬೀದಿಯಲ್ಲಿ ಇಲ್ಲದ ಗೋರಿಯನ್ನು ಹುಡುಕುತ್ತಾರೆ. ಹೇಳಬೇಕು. ಈ ಸಿಗ್ನಲ್ ದಾಟಿದ ಮೇಲೆ ಹೇಳುತ್ತೇನೆ ಎಂದುಕೊಂಡ. ಸಿಗ್ನಲ್ ದಾಟಿತು. ರಾಸ್ ಅಲ್ ಖೈಮಾ ಊರೂ ದಾಟಿತು.

ಊರು ಮುಗಿದು ಉತ್ತರಕ್ಕೆ ಹೋದಂತೆ ಬಲಗಡೆ ಬೆಟ್ಟಗಳು ರಸ್ತೆಗೆ ಹತ್ತಿರ ಬಂದವು. ಒಂದು ಹುಲ್ಲುಕಡ್ಡಿಯೂ ಇಲ್ಲದ, ಬೂದುಬಣ್ಣದ, ಪದರ ಪದರವಾಗಿ ಒಡೆದ ಬೆಟ್ಟಗಳು. ಎಡಗಡೆ ಖರ್ಜೂರದ ತೋಟ, ಅದರಾಚೆ ಹಸಿರು ನೀಲಿ ಸಮುದ್ರ. ಒಲಿಂಡಾ ಬಾಯಿ ಕಿಟಕಿಯ ಗಾಜು ಇಳಿಸಿ, "ಅಬ್ಬಾ, ಎಷ್ಟು ಚಂದ ಉಂಟು ಮಾರಾಯ!" ಎಂದರು. ಧಾಯಾ ಎಂಬಲ್ಲಿ ಒಂಟಿ ಗುಡ್ಡದ ನೆತ್ತಿಯ ಮೇಲೆ ಮಣ್ಣು ಕಲ್ಲಿನ ಕೋಟೆ ಕಂಡಿತು. ಅವರಿಗೆ ಹತ್ತಬೇಕೆನಿಸಿತು. ಮಂಡಿ ನೋವು ಎಂದು ಆಲ್ಫೋನ್ಸ್ ನೆನಪಿಸಿದರೆ, "ನನ್ನ ಮಂಡಿ, ನಾನು ನೋಡ್ಕೊಳ್ತೇನೆ" ಎಂದು ಹೊರಟೇಬಿಟ್ಟರು. ಶರ್ವಿನ್ನನನ್ನು ಎಬ್ಬಿಸಲಿಲ್ಲ. ಕಾರನ್ನು ಮರದ ನೆರಳಿನಲ್ಲಿ ನಿಲ್ಲಿಸಿ ಗಾಜು ಇಳಿಸಿಟ್ಟರು.

ಮೆಟ್ಟಿಲು ಹತ್ತುವಾಗ ಆಲ್ಫೋನ್ಸ್ ತಿಳಿದಷ್ಟು ಹೇಳಿದ. ಸುಮಾರು ಇನ್ನೂರು ವರ್ಷದ ಹಿಂದೆ ಇಂಗ್ಲಿಷರ ಹಡಗುಗಳು ಬಂದಾಗ ಕೆಳಗಿನ ಊರಿನವರು ಹೆಂಗಸರು ಮಕ್ಕಳೊಂದಿಗೆ ಈ ಕೋಟೆ ಸೇರಿದರು. ಇಂಗ್ಲಿಷರ ಜೊತೆ ಬೊಂಬಾಯಿಯ ಸಿಪಾಯಿಗಳೂ ಇದ್ದರು, ನಮ್ಮವರೇ. ಕೆಲವೇ ದಿನಗಳಲ್ಲಿ ಮೇಲಿದ್ದವರು ಸೋತು ಇಳಿದರು.

"ಗುಂಡು ಮುಗೀತಾ?"

"ಗುಂಡು ಒಂದೇ ಅಲ್ಲ ಬಾಯಿ. ಮೇಲೆ ನೀರಿರ್ಲಿಲ್ಲ. ನೆರಳೂ ಇರ್ಲಿಲ್ಲ."

ಹಾಗೆಂದವನಿಗೆ ಮುಂದಿನ ಮಾತು ಗಂಟಲಿಗೆ ಬಂದೇಬಿಟ್ಟಿತ್ತು. ನೀರಿಲ್ಲದ, ನೆರಳಿಲ್ಲದ ಇನ್ನೊಂದು ಜಾಗ ಅವನ ಕಣ್ಣೆದುರು ಇತ್ತು. ಒಲಿಂಡಾ ಬಾಯಿ ಕೋಟೆಯ ಗೋಡೆಗೆ ಕೈಯೂರಿ ಉಸಿರು ಬಿಡುತ್ತ ಕೆಳಗಿನ ತೋಟ ನೋಡುತ್ತಿದ್ದರು. "ಯಾರ್ಯಾರು ಎಲ್ಲೆಲ್ಲಿ ಸತ್ರೋ ಪಾಪ. ಗೋರಿ ಉಂಟೋ ಇಲ್ವೋ," ಎಂದರು. "ನಮ್ಮ ಪುಣ್ಯ ಆಲ್ಫೋನ್ಸ್. ನೀನು ಇದ್ದಿ. ಪಾದ್ರಿಯನ್ನಾದ್ರೂ ಕರ್ಸಿದಿ." ಆಲ್ಫೋನ್ಸನ ಗಂಟಲಿಗೆ ಬಂದದ್ದು ವಾಪಸ್ಸು ಇಳಿಯಿತು. ಅವನು ನೀರಿನ ಬಾಟಲಿ ಅವರ ಕೈಗೆ ಕೊಟ್ಟ.

ಮತ್ತೆ ಅರ್ಧ ಗಂಟೆ. ಕಲ್ಲು ಗಣಿಗಳು, ಸಿಮೆಂಟಿನ ಧೂಳು, ಸಣ್ಣ ಸಣ್ಣ ಮೀನುಗಾರರ ಊರುಗಳು. ಬೆಟ್ಟ ಸಮುದ್ರಕ್ಕೇ ಬಂದು ನಿಲ್ಲುವಲ್ಲಿ ರಸ್ತೆಗೆ ಅಡ್ಡವಾಗಿ ಗೇಟು ಕಂಡಿತು. ಆಚೆ ಒಮಾನ್. ಗೇಟಿಗೆ ಸಾಕಷ್ಟು ದೂರದಲ್ಲೇ ಆಲ್ಫೋನ್ಸ್ ಕಾರನ್ನು ಸಮುದ್ರದ ಬದಿಗೆ ನಿಲ್ಲಿಸಿದ.

"ಇದನ್ನು ದಾಟಿದ್ರೆ ನನ್ನ ವೀಸಾ ಖಲಾಸ್ ಅಲ್ವಾ?" ಒಲಿಂಡಾ ಬಾಯಿ ತಮಾಷೆ ಮಾಡಿದರು. ಅವರ ಕಣ್ಣು ಗೇಟಿನ ಮೇಲೆಯೇ ಇತ್ತು. "ಅಲ್ಲಿ ಒಂದು ಗೇಟು, ಸ್ವಲ್ಪ ಮುಂದೆ ಅವರದ್ದೊಂದು ಗೇಟು. ನಡುವೆ ಇರೋ ರಸ್ತೆ ಯಾರದ್ದು?"

ಪ್ರಶ್ನೆ ಸಾಧಾರಣವೇ. ಕೇಳಿದ ಜಾಗ ಮಾತ್ರ ಸಾಧಾರಣದ್ದಲ್ಲ. ಆಲ್ಫೋನ್ಸ್ ಸ್ಟಿಯರಿಂಗಿಗೆ ಹಣೆ ಹಚ್ಚಿದ.

"ವಲ್ಲಿಯಾಬ್ ಅಂಥ ಜಾಗದಲ್ಲೇ ಇರೋದು ಬಾಯಿ," ಎಂದ. ವಲೇರಿಯನ್ನನನ್ನು ಅವನು ಕರೆಯುತ್ತಿದ್ದದ್ದು ಹಾಗೆ, ಅಣ್ಣನನ್ನು ಕರೆದಂತೆ. "ಅಮ್ಮಾನಿನಲ್ಲಿ ಅಲ್ಲ. ಅಮ್ಮಾನಿನವರೆಗೆ ಅವರು ಬರ್ಲೇ ಇಲ್ಲ."

ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಲಿಲ್ಲ. 1990ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ಇಬ್ಬರೂ ಅಲ್ಲಿ ಒಂದೇ ಕೋಣೆಯಲ್ಲಿದ್ದರು. ಸಿಕ್ಕಿದ ಬಸ್ಸು ಹತ್ತಿ ಬಾಗ್ದಾದ್, ಅಲ್ಲಿಂದ ಜೋರ್ಡಾನಿನ ಗಡಿ. ಇಷ್ಟು ಒಲಿಂಡಾ ಬಾಯಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಮುಂದಿನದು. ಇರಾಕಿನ ಗೇಟಿನವರು ಹೊರಗೆ ಬಿಟ್ಟರು, ಜೋರ್ಡಾನಿನ ಗೇಟು ಸಾವಿರಾರು ಜನರನ್ನು ಒಟ್ಟಿಗೆ ಒಳಗೆ ಬಿಡುವಂತಿರಲಿಲ್ಲ. ಎರಡು ಗೇಟುಗಳ ನಡುವೆ ಯಾರದ್ದೂ ಅಲ್ಲದ ಬಯಲು. ಹಗಲು ಬೆಂಕಿ, ಧೂಳು, ಚೇಳು. ದಿನಕ್ಕೊಮ್ಮೆ ನೀರಿನ ಟ್ಯಾಂಕರ್, ತಲೆಗೊಂದು ಬಾಟಲಿ. ವಲೇರಿಯನ್ನನಿಗೆ ಭೇದಿ ಹಿಡಿಯಿತು. ಹನ್ನೊಂದನೆಯ ದಿನ ಆಲ್ಫೋನ್ಸ್ ಕ್ಯೂ ನಿಂತು ನೀರು ತರುವಷ್ಟರಲ್ಲಿ ಅವನು ಹೋಗಿದ್ದ.

"ಪಾದ್ರಿ ಇರ್ಲಿಲ್ಲ. ಪೆಟ್ಟಿಗೆ ಇರ್ಲಿಲ್ಲ. ಸಂತ ಅಂತೋನಿ, ಸಮಾಧಿ ಭೂಮಿ, ಎಲ್ಲ ನಾನು ಕಟ್ಟಿದ್ದು. ಪಕ್ಕದ ಟೆಂಟಿನಲ್ಲಿ ಮಂಗಳೂರು ಬಂದರಿನ ಒಬ್ಬರು ಬ್ಯಾರಿ ಹೆಂಗಸು ಇದ್ರು, ನಫೀಸಮ್ಮ ಅಂತ. ಕುವೈತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ವಲ್ಲಿಯಾಬನ ಹತ್ರ ತುಳು ಮಾತಾಡ್ಲಿಕ್ಕೆ ಬರ್ತಿದ್ರು. ಅವರು ಒಂದು ಗಂಟು ಬಿಚ್ಚಿದ್ರು ಬಾಯಿ. ಎಲ್ಲರೂ ಪಾಸ್‌ಪೋರ್ಟ್, ಬಂಗಾರ ಕಟ್ಕೊಂಡು ಓಡಿದ್ರೆ, ಅವರು ಬಿಳಿ ಬಟ್ಟೆ ಕಟ್ಕೊಂಡು ಬಂದಿದ್ರು. ಹಜ್ಜಿಗೆ ಹೋದಾಗ ಜಮ್‌ಜಮ್ ನೀರಿನಲ್ಲಿ ಅದ್ದಿ ಒಣಗಿಸಿ ತಂದದ್ದು. ಅವರ ಕಫನ್. ಅವರು ಸತ್ತಾಗ ಅವರಿಗೇ ಸುತ್ತಬೇಕು ಅಂತ ಇಟ್ಕೊಂಡದ್ದು."

ಬಾಟಲಿಯ ಮುಚ್ಚಳದ ಮೇಲೆ ಒಲಿಂಡಾ ಬಾಯಿಯ ಬೆರಳು ನಿಂತಿತ್ತು.

"ಅದನ್ನು ಕೊಟ್ರು. ನೀರೂ ಕೊಟ್ರು, ಆ ದಿನದ ಅವರ ಪಾಲಿನದ್ದು. ಗಂಡಸಿನ ಮೈ ಅವರು ಮುಟ್ಟುವ ಹಾಗಿಲ್ಲ. ಕಂಬಳಿ ಅಡ್ಡ ಕಟ್ಟಿಸಿ, ಆಚೆ ತಿರುಗಿ ಕೂತು, ಹೇಗೆ ತೊಳಿಬೇಕು ಅಂತ ಒಂದೊಂದೇ ಹೇಳಿಕೊಟ್ರು. ಬಲಗೈ ಮೊದಲು. ಮೆಲ್ಲ ತಿಕ್ಕು, ನೋವಾಗ್ತದೆ ಅಂದ್ರು. ಸತ್ತವರಿಗೆ ನೋವಾಗ್ತದಾ ಬಾಯಿ? ಆದ್ರೂ ನಾನು ಮೆಲ್ಲ ತಿಕ್ಕಿದೆ. ಇಬ್ಬರು ಮಲಯಾಳಿಗಳು ಊಟದ ತಟ್ಟೆಯಲ್ಲಿ ಗುಂಡಿ ತೋಡಿದ್ರು. ನಾನು ಬಾಯಿಗೆ ಬಂದ ಪ್ರಾರ್ಥನೆ ಹೇಳಿದೆ, ನಫೀಸಮ್ಮ ಕೈ ಎತ್ತಿ ಅವರದ್ದು ಹೇಳಿದ್ರು. ಕಲ್ಲು ಪೇರಿಸಿ, ಟೆಂಟಿನ ಎರಡು ಗೂಟ ಕಟ್ಟಿ ಶಿಲುಬೆ ನಿಲ್ಲಿಸಿದೆ. ಮಾರನೇ ದಿನ ನಮ್ಮನ್ನು ಲಾರಿಗೆ ಹತ್ತಿಸಿದ್ರು. ಈಗ ಅಲ್ಲಿ ಹೋದ್ರೆ ನಂಗೂ ಗುರುತು ಸಿಗ್ಲಿಕ್ಕಿಲ್ಲ."

ಸಮುದ್ರದ ಮೇಲೆ ಒಂದು ದೋಣಿ ಆಚೆಯ ದೇಶದ ಕಡೆಗೆ ಹೋಗುತ್ತಿತ್ತು. ಅದನ್ನು ಯಾವ ಗೇಟೂ ತಡೆಯುತ್ತಿರಲಿಲ್ಲ. ಅದನ್ನೇ ನೋಡುತ್ತ ಒಲಿಂಡಾ ಬಾಯಿ ಕೇಳಿದರು:

"ಯಾಕೆ ಹೇಳ್ಲಿಲ್ಲ?"

"ನಾನು ಮನೆಯ ಬಾಗಿಲಿಗೆ ಬಂದಾಗ ನೀವು ಮೊದಲು ಕೇಳಿದ್ದೇ ಅದು, ಪಾದ್ರಿ ಬಂದಿದ್ರಾ ಅಂತ. ಮನೆ ತುಂಬ ಜನ. ಅವರ ಅಮ್ಮ ನನ್ನ ಮುಖವನ್ನೇ ನೋಡ್ತಾ ಇದ್ರು. ಕ್ರಿಸ್ತಾಂವ ಮನುಷ್ಯನನ್ನು ಪಾದ್ರಿ ಇಲ್ಲದೆ, ಬ್ಯಾರಿಗಳ ಕಫನಿನಲ್ಲಿ ಸುತ್ತಿ, ರಸ್ತೆ ಬದಿಯಲ್ಲಿ ಹಾಕಿ ಬಂದೆ ಅಂತ ಹೇಗೆ ಹೇಳುದು? ಹೌದು, ಬಂದಿದ್ರು ಅಂದೆ. ಮತ್ತೆ ಯಾವ ಪಾದ್ರಿ, ಯಾವ ಇಗರ್ಜಿ ಅಂತ ಒಬ್ಬೊಬ್ಬರೇ ಕೇಳಿದ್ರು. ನಾನು ಹೇಳ್ತಾ ಹೋದೆ."

"ಪಾದ್ರಿ ಬರ್ಲಿಲ್ಲ ಅಂತಿದ್ರೆ ನಾನು ಅಳ್ತಿದ್ದೆ." ಒಲಿಂಡಾ ಬಾಯಿಯ ಸ್ವರ ಏರಿತು. "ಮತ್ತೆಂತ ಆಗ್ತಿತ್ತು? ಹೇಗೂ ಅಳ್ತಿದ್ದೆ ಅಲ್ವಾ? ಅವರನ್ನು ಯಾರು ತೊಳೆದದ್ದು ಅಂತಲೂ ನಾನು ಕೇಳಿದ್ದೆ, ನೆನಪುಂಟಾ ನಿಂಗೆ? ಆಸ್ಪತ್ರೆಯವರು ಅಂತ ಹೇಳಿದಿ. ಗುರುತು ಪರಿಚಯ ಇಲ್ಲದವರು, ಪೈಪ್ ಹಿಡಿದು, ನೆಲ ತೊಳೆದ ಹಾಗೆ ತೊಳೆದಿರ್ಬೇಕು ಅಂತ ನೆನೆಸಿ ನೆನೆಸಿ ಎಷ್ಟು ರಾತ್ರಿ ಕೂತಿದ್ದೇನೆ ಗೊತ್ತುಂಟಾ? ಮೆಲ್ಲ ತಿಕ್ಕು ಅಂತ ಹೇಳುವವರು ಒಬ್ಬರು ಅಲ್ಲಿ ಇದ್ರು. ಅದನ್ನು ನನ್ನಿಂದ ಅಡಗಿಸಿಟ್ಟಿಯಲ್ಲ, ದರಿದ್ರದವನೇ!"

ಬೈಗುಳದಿಂದ ಆಲ್ಫೋನ್ಸನಿಗೆ ನೋವಾಗಲಿಲ್ಲ. ಇಪ್ಪತ್ತೆರಡು ವರ್ಷದಿಂದ ಯಾರೂ ಬೈಯಲಿಲ್ಲವಲ್ಲ ಎಂಬುದೇ ಅವನಿಗೆ ದೊಡ್ಡ ಶಿಕ್ಷೆಯಾಗಿತ್ತು. ಆದರೆ ಇನ್ನೂ ಒಂದು ಉಳಿದಿತ್ತು, ಅದು ಇದಕ್ಕಿಂತ ಭಾರದ್ದು. ಅದನ್ನೂ ಹೇಳಿಬಿಟ್ಟ.

"ಲಾರಿ ಹತ್ತುವಾಗ ನಫೀಸಮ್ಮ ನನ್ನ ಅಂಗಿ ಹಿಡಿದು ನಿಲ್ಲಿಸಿದ್ರು. ಇವನ ಹೆಂಡತಿಗೆ ಹೇಳು ಮಗಾ, ಹಾಗೇ ಹಾಕ್ಲಿಲ್ಲ, ತೊಳೆದು ಒಳ್ಳೆ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದು ಅಂತ ಹೇಳು, ಅವಳಿಗೆ ಅದು ಗೊತ್ತಾಗ್ಬೇಕು ಅಂದ್ರು. ನಾನು ಹೇಳ್ತೇನೆ ಅಂತ ಮಾತು ಕೊಟ್ಟೆ."

ಒಲಿಂಡಾ ಬಾಯಿ ಸೆರಗಿನಿಂದ ಮುಖ ಒರೆಸಿದರು. ಒರೆಸಿದಷ್ಟೂ ಬರುತ್ತಿತ್ತು. ಆಮೇಲೆ ಒಮ್ಮೆಲೇ ನೆಟ್ಟಗೆ ಕೂತರು.

"ಎಲ್ಲಿದ್ದಾರೆ ಅವರು? ಬಂದರಿನಲ್ಲೇ ಅಲ್ವಾ? ನಮ್ಮ ಊರಿಂದ ಬಸ್ಸಿನಲ್ಲಿ ಒಂದು ಗಂಟೆ. ಅಮ್ಮಾನ್ ಗಿಮ್ಮಾನ್ ಬೇಡ ನಂಗೆ. ಅವರ ಕಾಲು ಹಿಡಿದು ಬರ್ತೇನೆ."

ಈ ಪ್ರಶ್ನೆಗೇ ಆಲ್ಫೋನ್ಸ್ ಹೆದರುತ್ತಿದ್ದದ್ದು.

"ಹೋದ್ರು ಬಾಯಿ. ಎರಡು ವರ್ಷ ಆಯ್ತು. ಅವರ ತಂಗಿಯ ಮಗ ದುಬೈಯ ಸತ್ವಾದಲ್ಲಿ ಟೈಲರ್, ಪ್ಯಾಂಟಿನ ಅಳತೆ ತೆಗೀತಾ ಅವನೇ ಹೇಳಿದ್ದು. ಕೊನೆಗೆ ಮನೆಯವರು ಕಫನಿನ ಬಗ್ಗೆ ಕೇಳಿದಾಗ, ನನ್ನ ಬಟ್ಟೆ ಮೊದಲೇ ಹೋಗಿ ಆಗಿದೆ, ಅಂಗಡಿಯದ್ದೇ ತನ್ನಿ ಅಂದ್ರಂತೆ. ಅವನಿಗೆ ಅರ್ಥ ಆಗಿರ್ಲಿಲ್ಲ. ನಂಗೆ ಆಯ್ತು."

ಎಂಥ ಲೆಕ್ಕವಿಲ್ಲದ ನಷ್ಟ ನೋಡಿ. ಸುಳ್ಳು ಹೇಳಿದವನು ಸತ್ತವನ ಮರ್ಯಾದೆ ಉಳಿಸಿದೆ ಎಂದುಕೊಂಡಿದ್ದ. ಸತ್ತವನಿಗೆ ಏನೂ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಬದುಕಿದ್ದ ಇಬ್ಬರು ಹೆಂಗಸರಿಗೆ. ಇಪ್ಪತ್ತು ವರ್ಷ ಒಂದೇ ಜಿಲ್ಲೆಯಲ್ಲಿ ಒಂದೇ ಮೀನು ತಿಂದು, ಒಂದೇ ಮಳೆಗೆ ಕೊಡೆ ಬಿಡಿಸಿ ಬದುಕಿದರು. ಒಬ್ಬರಿಗೆ ಒಂದು ಮಾತು ಕೇಳಬೇಕಿತ್ತು, ಇನ್ನೊಬ್ಬರಿಗೆ ಅದು ತಲುಪಿತೋ ಎಂದು ತಿಳಿಯಬೇಕಿತ್ತು. ನಡುವೆ ಆಲ್ಫೋನ್ಸ್ ಒಬ್ಬ ಗೇಟು ಹಾಕಿ ಕೂತಿದ್ದ.

ಒಲಿಂಡಾ ಬಾಯಿ ಕಾರಿನ ಬಾಗಿಲು ತೆರೆದು ಇಳಿದು ಹೋದರು. ಮರಳಿನಲ್ಲಿ ಹತ್ತು ಹೆಜ್ಜೆ ನಡೆದು, ಸಮುದ್ರಕ್ಕೆ ಮುಖ ಮಾಡಿ ನಿಂತರು. ಆಲ್ಫೋನ್ಸ್ ಹಿಂದೆ ಹೋಗಲಿಲ್ಲ. ಆ ಬಾಟಲಿಯ ಮುಚ್ಚಳ ತಿರುಗಿಸಿ ಮಣ್ಣನ್ನು ಅಲ್ಲೇ ಸುರಿದುಬಿಡುತ್ತಾರೆ ಎಂದುಕೊಂಡ. ಅವರು ಮುಚ್ಚಳ ತಿರುಗಿಸಲಿಲ್ಲ. ಅದನ್ನು ಎದೆಗೊತ್ತಿ ಹಿಡಿದು ನಿಂತಿದ್ದರು, ಅಷ್ಟೆ.

"ಅಂಕಲ್."

ಆಲ್ಫೋನ್ಸ್ ಬೆಚ್ಚಿ ತಿರುಗಿದ. ಶರ್ವಿನ್ ಎದ್ದು ಕೂತಿದ್ದ. ಕಣ್ಣು ಕೆಂಪಾಗಿದ್ದದ್ದು ನಿದ್ದೆಗೆಟ್ಟೇ ಇರಬಹುದು, ಹೇಳುವವರು ಯಾರು?

"ಯಾವಾಗ ಎದ್ದಿ?"

"ಗೇಟಿನ ಹತ್ರ ಕಾರ್ ನಿಲ್ಲಿಸಿದಾಗ." ಮುಂದಕ್ಕೆ ಬಾಗಿ ಕೇಳಿದ, "ಪಪ್ಪ ಸಾಯುವ ಮೊದಲು ಏನಾದ್ರೂ ಹೇಳಿದ್ರಾ? ಟ್ರೂತ್ ಹೇಳಿ, ಪ್ಲೀಸ್."

"ನಾನು ಕ್ಯೂನಲ್ಲಿದ್ದೆ ಮಗಾ. ಕೇಳ್ಲಿಕ್ಕೆ ಸಿಗ್ಲಿಲ್ಲ." ಇದಕ್ಕೂ ಒಂದು ಚಂದದ ಮಾತು ಕಟ್ಟಿ ಕೊಡಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆಲ್ಫೋನ್ಸ್ ಕೊಡಲಿಲ್ಲ.

ಶರ್ವಿನ್ ತಲೆಯಾಡಿಸಿದ. ಇಳಿದು ಹೋಗಿ ಅಮ್ಮನ ಪಕ್ಕ ನಿಂತ. ಇಬ್ಬರೂ ಏನು ಮಾತಾಡಿದರೋ ಗಾಳಿಗೆ ಕೇಳಿಸಲಿಲ್ಲ. ವಾಪಸು ಬಂದಾಗ ಒಲಿಂಡಾ ಬಾಯಿಯ ಕಣ್ಣು ಒಣಗಿತ್ತು. ಆಲ್ಫೋನ್ಸನ ಕಡೆ ನೋಡದೆಯೇ ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು.

"ಅಮ್ಮಾನಿನ ಟಿಕೆಟ್ ಬೇಡ ಅಂದಿದ್ದೇನೆ ಇವನಿಗೆ. ಅಲ್ಲಿ ಎಲ್ಲಿ ಅಂತ ಹುಡುಕುದು? ಭಾನುವಾರ ಮಂಗಳೂರಿಗೇ ಹೋಗುದು. ಗೋರಿ ಗೊತ್ತಿರೋದು ಒಂದಾದ್ರೂ ಉಂಟಲ್ಲ, ನಫೀಸಮ್ಮನದ್ದು. ಈ ಮಣ್ಣು ಅಲ್ಲಿ ಹಾಕ್ತೇನೆ."

"ಬಾಯಿ, ಹೆಂಗಸರನ್ನು ಅಲ್ಲಿ ಖಬರಸ್ಥಾನದ ಒಳಗೆ ಬಿಡುದು ಕಷ್ಟ."

"ಬಿಡದಿದ್ರೆ ಬೇಡ. ನೀನು ಒಳಗೆ ಹೋಗಿ ಹಾಕು, ನಾನು ಗೋಡೆಯ ಹೊರಗೆ ನಿಲ್ತೇನೆ. ನೀನೂ ಬರ್ಬೇಕು. ಲೀವಿಲ್ಲ ಗೀವಿಲ್ಲ ಅಂತ ಹೇಳಿದ್ರೆ ಜಾಗ್ರತೆ. ನಿನ್ನನ್ನು ನಾನು ಕ್ಷಮಿಸಿದ್ದೇನೆ ಅಂತಲೂ ತಿಳ್ಕೊಳ್ಬೇಡ. ಅದು ಇನ್ನು ಆಗ್ಬೇಕಷ್ಟೆ. ಆ ಗೋಡೆಯ ಕಲ್ಲನ್ನೂ ತೆಗ್ಸಿ ಸರಿಯಾಗಿ ಬರೆಸ್ಬೇಕು, ಪಾದ್ರಿಯ ಹತ್ರ ನೀನೇ ಮಾತಾಡು."

ಆಲ್ಫೋನ್ಸ್ ಕಾರನ್ನು ತಿರುಗಿಸಿದ. ಗೇಟು ಕನ್ನಡಿಯಲ್ಲಿ ಸಣ್ಣದಾಗುತ್ತ ಹೋಯಿತು. ಹಿಂದಿನ ಸೀಟಿನಲ್ಲಿ ಶರ್ವಿನ್ ಮೊಬೈಲು ತೆಗೆದ.

"ಅವರ ಮನೆಯ ಅಡ್ರೆಸ್ ಹೇಳಿ ಅಂಕಲ್."

ಬುಧವಾರ ಇದೇ ಪ್ರಶ್ನೆಗೆ ಒಣಗಿದ ಬಾಯಿ ಈಗ ಒಣಗಲಿಲ್ಲ. "ಬಂದರಿನಲ್ಲಿ ಮೀನಿನ ದಕ್ಕೆಗೆ ತಿರುಗುವಲ್ಲಿ ಎಡಗಡೆಯ ಓಣಿ. ಕೊನೆಯ ಹಂಚಿನ ಮನೆ. ಹಸಿರು ಬಾಗಿಲು."

"ಬಾಗಿಲಿನ ಬಣ್ಣ ನಿಂಗೆ ಹೇಗೆ ಗೊತ್ತು?" ಎಂದರು ಒಲಿಂಡಾ ಬಾಯಿ.

"ರಜೆಗೆ ಹೋದಾಗ ಹೋಗಿದ್ದೇನೆ. ಮೂರು ಸಲ. ಅವನ ಹೆಂಡತಿಗೆ ಹೇಳಿದ್ಯಾ ಅಂತ ಅವರು ಕೇಳಿದ್ರೆ ಎಂತ ಹೇಳುದು ಅಂತ ಬಾಗಿಲವರೆಗೆ ಹೋಗಿ ವಾಪಸು ಬಂದೆ."

ಒಲಿಂಡಾ ಬಾಯಿ ಹಾರ್ಲಿಕ್ಸ್ ಬಾಟಲಿಯನ್ನು ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡು, ಅದು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದರು.

"ಈ ಸಲ ನೀನು ತಟ್ಟು," ಎಂದರು. "ಮಾತು ತಲುಪಿತು ಅಂತ ನಾನು ಹೇಳ್ತೇನೆ."